ಗಾಜಿನ ಮುಚ್ಚಳದೊಳಗಿನ ವಾಸನೆ

ಆ ಎಂಟು ತಿಂಗಳಲ್ಲಿ ಪರಿಮಳಕ್ಕನಿಗೆ ಕೋಪ ಬಾರದ ದಿನವೇ ಇರಲಿಲ್ಲ. ಬೆಳಿಗ್ಗೆ ಹಾಲು ಸೀದರೆ ಕೋಪ. ಸೀದದ್ದು ಒಲೆಯ ಮುಂದೆಯೇ ನಿಂತ ತನಗೆ ತಿಳಿಯದೆ, ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಗಂಡ ಓಡಿ ಬಂದು ಒಲೆ ಆರಿಸಿದರೆ ಇನ್ನೂ ಕೋಪ.

“ತಳ ಹಿಡಿದು ಆಗ್ಲೇ ಎಷ್ಟೊತ್ತಾಯ್ತು ಮಾರಾಯ್ತಿ” ಎಂದು ಅವನು ಮೆಲ್ಲಗೆ ಹೇಳುತ್ತಿದ್ದ. ಆ ಮೆಲ್ಲಗೆ ಹೇಳುವುದೇ ಅವಳಿಗೆ ಸಹಿಸಲು ಆಗುತ್ತಿರಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಬಸ್ಸು ಓಡಿಸುವವನು, ದಿನವಿಡೀ ರಸ್ತೆಯಲ್ಲಿ ಹತ್ತು ಜನರನ್ನು ಬೈಯುವವನು, ಮನೆಯಲ್ಲಿ ಮಾತ್ರ ಹೀಗೆ ರೋಗಿಯ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದ.

ಆದದ್ದು ಇಷ್ಟೆ. ಎಂಟು ತಿಂಗಳ ಹಿಂದೆ ಒಂದು ಜ್ವರ ಬಂದು ಹತ್ತು ದಿನ ಮಲಗಿಸಿತು. ಎದ್ದಾಗ ಮೂಗು ಇದ್ದ ಜಾಗದಲ್ಲೇ ಇತ್ತು, ವಾಸನೆ ಇರಲಿಲ್ಲ. “ಬಂದ್ರೂ ಬರಬಹುದು, ಬರದೇನೂ ಇರಬಹುದು” ಎಂದರು ಡಾಕ್ಟರು. ಇಷ್ಟು ಹೇಳಲು ಅಷ್ಟೊಂದು ಓದಬೇಕಿತ್ತೇ ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು. ವಿಷಯ ಗೊತ್ತಿದ್ದ ಇನ್ನೊಬ್ಬಳು ಅವಳ ಅಕ್ಕ. ಆಕೆಯ ಸಮಾಧಾನವಂತೂ ಗಾಯಕ್ಕೆ ಉಪ್ಪು ಸವರಿದಂತೆ ಇತ್ತು: “ಹೋಗ್ಲಿ ಬಿಡೇ. ಕಣ್ಣು ಹೋಗಿಲ್ಲ, ಕಿವಿ ಹೋಗಿಲ್ಲ. ವಾಸನೆ ತಾನೇ.”

ವಾಸನೆ ತಾನೇ. ಮಲಗಿದ ಮಗಳ ತಲೆಗೆ ಮೂಗು ತಾಗಿಸಿದರೆ ಗೋಡೆಗೆ ತಾಗಿಸಿದ ಹಾಗೆ ಆಗುತ್ತಿತ್ತು. ಇನ್ನು ಹೊಟ್ಟೆಪಾಡಿನ ಮಾತು. ಹತ್ತೊಂಬತ್ತು ವರ್ಷದಿಂದ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ: ಫ್ರಾನ್ಸಿನಿಂದ ಬರುವ, ಅಂಗೈಯಗಲದ ಗಾಜಿನ ಲೋಟದಲ್ಲಿ ಮೇಣ ತುಂಬಿದ, ಒಂದರ ಬೆಲೆಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ಬರುವಂಥ ಸುವಾಸನೆಯ ಮೇಣದಬತ್ತಿಗಳನ್ನು ಯಾರ ಮನೆಗೆ ಯಾವುದು ಹೊಂದುತ್ತದೆ ಎಂದು ಆರಿಸಿ ಕೊಡುವುದು.

ಪರಿಮಳಕ್ಕ ಎಂಬುದು ಅವಳ ಹೆಸರಲ್ಲ, ಅಂಗಡಿಯಲ್ಲಿ ಬಿದ್ದ ಹೆಸರು. ಅದಕ್ಕೆ ಮೊದಲು ಅವಳು ಒಂದು ಲಾಂಡ್ರಿಯಲ್ಲಿ ಬಟ್ಟೆ ಬೇರ್ಪಡಿಸುತ್ತಿದ್ದಳು. ಚೀಟಿ ಕಳಚಿದ ಅಂಗಿಯನ್ನು ಮೂಸಿ, ಇದು ಮೂರನೇ ಮಹಡಿಯ ಮೇಷ್ಟರದು, ಇದು ಮೂಲೆಮನೆಯ ಕಟುಕನದು ಎಂದು ಹೇಳುತ್ತಿದ್ದಳಂತೆ. ಮೇಣದಬತ್ತಿಯ ಅಂಗಡಿಗೆ ಅವಳು ಸೇರಿದ್ದು ಕಸ ಗುಡಿಸಲು. ಒಮ್ಮೆ ಸರಕಿನ ಪೆಟ್ಟಿಗೆಗೆ ನೀರು ಹೊಕ್ಕು ನಲವತ್ತು ಲೋಟಗಳ ಚೀಟಿ ಕಳಚಿ ಹೋದವು. ಆಗಿನ ದೊಡ್ಡ ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಇವಳು ಪೊರಕೆ ಗೋಡೆಗೆ ಒರಗಿಸಿ ನೆಲದ ಮೇಲೆ ಕೂತು, ಒಂದೊಂದನ್ನೇ ಮೂಸಿ, ಮಧ್ಯಾಹ್ನದೊಳಗೆ ನಲವತ್ತನ್ನೂ ಹನ್ನೆರಡು ಸಾಲು ಮಾಡಿ ಇಟ್ಟಳು. ಒಂದೂ ತಪ್ಪಿರಲಿಲ್ಲ. ಮರುದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ಅಲ್ಲಿಂದ ಅವಳು ಕಲಿತದ್ದು ಬಹಳ. ದೊಡ್ಡ ಹಜಾರಕ್ಕೆ ಸಣ್ಣ ಲೋಟ ಕೊಟ್ಟರೆ ಕೆರೆಗೆ ಚಿಟಿಕೆ ಉಪ್ಪು ಹಾಕಿದ ಹಾಗೆ. ಸಣ್ಣ ಕೋಣೆಗೆ ಗಾಢವಾದದ್ದನ್ನು ಕೊಟ್ಟರೆ ತಲೆನೋವು ಕೊಂಡ ಹಾಗೆ. ಅಡುಗೆಮನೆಯ ಪಕ್ಕ ಸಿಹಿ ಪರಿಮಳ ಇಡಬಾರದು. ಮೊದಲ ಸಲ ಹಚ್ಚಿದಾಗ ಮೇಣ ಅಂಚಿನಿಂದ ಅಂಚಿಗೆ ಕರಗುವ ತನಕ ಆರಿಸಬಾರದು; ಆರಿಸಿದರೆ ನಡುವೆ ಬಾವಿ ತೋಡಿಕೊಂಡು, ಸುತ್ತಲಿನ ಮೇಣ ಕೊನೆವರೆಗೂ ದಂಡ. ಇದನ್ನೆಲ್ಲ ಅವಳು ಹೇಳುವ ರೀತಿಗೇ ಎರಡು ಕೊಳ್ಳಲು ಬಂದವರು ಮೂರು ಕೊಳ್ಳುತ್ತಿದ್ದರು.

ಜ್ವರದ ನಂತರವೂ ಅದೇ ಬಾಯಿ, ಅದೇ ಜ್ಞಾಪಕ. ಹನ್ನೆರಡು ಪರಿಮಳಗಳ ಜಾಗ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಬಂದವರ ಹುಬ್ಬು, ತುಟಿ, ಮೂಗಿನ ಹೊಳ್ಳೆ ನೋಡಿದರೆ ಅವರಿಗೆ ಯಾವುದು ಹಿಡಿಸಿತು ಎಂಬುದೂ ಗೊತ್ತು. ಹೀಗೆ ಅಂಗಡಿಯಲ್ಲಿ ಯಾರಿಗೂ ಹೇಳದೆ ಎಂಟು ತಿಂಗಳು ತಳ್ಳಿದಳು. ಮೂಗಿಲ್ಲದವಳನ್ನು ಈ ಅಂಗಡಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಎಡವಟ್ಟಾದದ್ದು ಒಂದು ಮಂಗಳವಾರ. ಗೋಡೆಯ ಹಲಗೆಯೊಂದು ಸಡಿಲವಾಗಿ ಬಡಗಿ ಬಂದಿದ್ದ. ಆ ಅಂಗಡಿಯ ಪದ್ಧತಿ ಹೀಗಿತ್ತು: ಪ್ರತಿ ಮೇಣದಬತ್ತಿಯ ಮೇಲೂ ಗಂಟೆಯಾಕಾರದ ಗಾಜಿನ ಮುಚ್ಚಳ. ಮೂಸಬೇಕಾದದ್ದು ಮೇಣವನ್ನಲ್ಲ, ಮುಚ್ಚಳದ ಒಳಗನ್ನು. ತಿಂಗಳುಗಟ್ಟಲೆ ಒಂದೇ ಪರಿಮಳದ ಮೇಲೆ ಕೂತ ಗಾಜಿನಲ್ಲಿ ವಾಸನೆ ಮನೆ ಮಾಡಿಕೊಂಡಿರುತ್ತದೆ. ಅದಕ್ಕೇ ಮುಚ್ಚಳದ ಒಳಭಾಗ ತೊಳೆಯುವಂತಿಲ್ಲ, ಒಂದರದು ಇನ್ನೊಂದಕ್ಕೆ ಹಾಕುವಂತಿಲ್ಲ. ಹನ್ನೆರಡೂ ಒಂದೇ ಅಚ್ಚಿನವು, ಗುರುತು ಏನೂ ಇಲ್ಲ. ಗುರುತು ಯಾಕೆ, ಪರಿಮಳಕ್ಕ ಇದ್ದಾಳಲ್ಲ ಎಂದು ದೊಡ್ಡ ಯಜಮಾನರು ಹೇಳುತ್ತಿದ್ದರು.

ಅವಳು ಮುಚ್ಚಳಗಳನ್ನು ಸಾಲಾಗಿ ಮೇಜಿನ ಮೇಲೆ ಇಳಿಸಿಟ್ಟು, ಫೋನು ಬಂತೆಂದು ಒಳಗೆ ಹೋದಳು. ಬರುವಷ್ಟರಲ್ಲಿ ಬಡಗಿ ಮೇಜು ಬೇಕೆಂದು ಎಲ್ಲವನ್ನೂ ಎರಡೆರಡಾಗಿ ಎತ್ತಿ ನೆಲದ ಮೇಲೆ ಗುಡ್ಡೆ ಹಾಕಿದ್ದ.

“ಒಂದೂ ಒಡೆದಿಲ್ಲ ಅಕ್ಕ, ನೋಡ್ಕೊಳ್ಳಿ” ಎಂದ ಹೆಮ್ಮೆಯಿಂದ.

ಒಡೆದಿದ್ದರೇ ಚೆನ್ನಾಗಿತ್ತು. ಅವಳು ಒಂದನ್ನು ಎತ್ತಿ ಮೂಗಿಗೆ ಹಿಡಿದಳು. ಬರೀ ಗಾಜು. ಇನ್ನೊಂದು. ಅದೂ ಗಾಜು. ಆ ಬಡಗಿಯ ಮೂಗಿಗೆ ಹಿಡಿದು “ಇದು ಏನು ವಾಸನೆ ಹೇಳಪ್ಪ” ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಅವನು ಯಜಮಾನರಿಗೆ ಹೇಳಿಬಿಟ್ಟರೆ? ಅಂದಾಜಿನ ಮೇಲೆ ಹನ್ನೆರಡನ್ನೂ ಹನ್ನೆರಡರ ಮೇಲೆ ಇಟ್ಟುಬಿಟ್ಟಳು. ಇಡುವಾಗ ಬಡಗಿಯ ಮೇಲೆ ಹಲ್ಲು ಕಡಿದಳು. ಕಡಿಯಬೇಕಾದದ್ದು ಯಾರ ಮೇಲೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಅದೇ ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮ ಬಂದರು. ಹೊಸ ಮನೆಗೆ ಹೋಗಿ ವಾರವಾಗಿತ್ತು. ಹಜಾರಕ್ಕೆ ಒಂದು, ಮಲಗುವ ಕೋಣೆಗೆ ಒಂದು ಬೇಕಿತ್ತು.

“ಒಂದೇ ಷರತ್ತು” ಎಂದರು. “ಲವಂಗ ಮಾತ್ರ ಬೇಡ. ದಿನಾ ಕ್ಲಿನಿಕ್ಕಲ್ಲಿ ಲವಂಗದೆಣ್ಣೆ ವಾಸನೆ ಕುಡಿದು ಕುಡಿದು ಸಾಕಾಗಿದೆ.”

ಪರಿಮಳಕ್ಕ ಕೋಣೆಯ ಅಳತೆ ಕೇಳಿದಳು, ಕಿಟಕಿ ಕೇಳಿದಳು, ಒಂದೊಂದೇ ಮುಚ್ಚಳ ಎತ್ತಿ ಕೊಟ್ಟಳು. ಐದನೆಯದಕ್ಕೆ ಡಾಕ್ಟರ ಹುಬ್ಬು ಮೇಲೆ ಹೋಯಿತು. “ಆಹಾ, ಹಸಿ ಎಲೆ ಕಿವುಚಿದ ಹಾಗಿದೆ. ಮಲಗೋ ಕೋಣೆಗೆ ಇದೇ ಇರ್ಲಿ.”

ಪರಿಮಳಕ್ಕ ಡಬ್ಬದ ಕಡೆ ಚಾಚಿದ ಕೈ ಹಿಂದೆಗೆದಳು. ಐದನೆಯದು ಕಿತ್ತಳೆ ಮತ್ತು ಲವಂಗ. ಹಸಿ ಎಲೆ ಅಂದರೆ ಅಂಜೂರದ ಎಲೆ, ಅದರ ಜಾಗ ಒಂಬತ್ತು.

“ಡಾಕ್ಟ್ರೇ, ಇದರಲ್ಲಿ ಲವಂಗ ಇದೆ.”

“ಎಲ್ಲಿದೆ? ನನ್ನ ಮೂಗಿಗೆ ಲವಂಗ ಗೊತ್ತಾಗಲ್ವಾ? ನೀವೇ ನೋಡಿ.”

ಡಾಕ್ಟರು ಮುಚ್ಚಳವನ್ನು ಅವಳ ಮೂಗಿಗೆ ಹಿಡಿದರು. ಗಲ್ಲಾದಲ್ಲಿದ್ದ ಸಣ್ಣ ಯಜಮಾನರು ತಲೆ ಎತ್ತಿ ನೋಡಿದರು. ದೊಡ್ಡ ಯಜಮಾನರ ಮಗ. ಮೂವತ್ತಕ್ಕೇ ತಲೆ ಬೋಳಾಗಿದ್ದರೂ ಹೆಸರು ಇನ್ನೂ ಸಣ್ಣ ಯಜಮಾನರೇ. ಪರಿಮಳಕ್ಕ ಉಸಿರು ಎಳೆದುಕೊಂಡಳು, ಕಣ್ಣು ಅರೆ ಮುಚ್ಚಿದಳು. ಹತ್ತೊಂಬತ್ತು ವರ್ಷ ಯಾರಿಗೂ ಬಗ್ಗದ ನಾಲಿಗೆ ಬಗ್ಗಿತು.

“ಹೌದು ಡಾಕ್ಟ್ರೇ. ಇಲ್ಲ” ಎಂದಳು. ಒಂಬತ್ತರ ಡಬ್ಬ ಎತ್ತಿಕೊಟ್ಟರೆ ಸಣ್ಣ ಯಜಮಾನರು ಯಾಕೆಂದು ಕೇಳುತ್ತಾರೆ ಎಂದು ಐದರದ್ದನ್ನೇ ಕಟ್ಟಿಕೊಟ್ಟಳು.

ಮರುದಿನ ಹನ್ನೊಂದು ಗಂಟೆಗೆ ಡಾಕ್ಟರು ಚೀಲವನ್ನು ಗಲ್ಲಾದ ಮೇಲೆ ಕುಕ್ಕಿದರು. “ರಾತ್ರಿಯೆಲ್ಲ ನನ್ನ ಹಾಸಿಗೆ ಮೇಲೆ ಕ್ಲಿನಿಕ್ಕು. ನಮ್ಮೆಜಮಾನ್ರು ನಿದ್ದೆಗಣ್ಣಲ್ಲಿ ಬಾಯಿ ಆ ಅಂತ ತೆಗೆದ್ರು. ಹಾಲ್‌ಗೆ ಒಣಹುಲ್ಲು ಅಂತ ಒಯ್ದದ್ದು ಗುಲಾಬಿ. ಇಲ್ಲಿ ಮೂಸಿದ್ದೇ ಬೇರೆ, ಡಬ್ಬದಲ್ಲಿ ಕೊಟ್ಟದ್ದೇ ಬೇರೆ. ಏನು ವ್ಯಾಪಾರ ಸ್ವಾಮಿ ಇದು?”

ಸಣ್ಣ ಯಜಮಾನರು ಡಬ್ಬ ತಿರುಗಿಸಿ ನೋಡಿದರು; ಮೇಲೆ ಬರೀ ಸಂಖ್ಯೆ, ಯಾವುದು ಯಾವ ಪರಿಮಳವೆಂಬ ಲೆಕ್ಕ ಪರಿಮಳಕ್ಕನ ತಲೆಯಲ್ಲೇ ಇತ್ತು. ಆಮೇಲೆ ಪರಿಮಳಕ್ಕನನ್ನು ನೋಡಿದರು. ಆ ನೋಟವನ್ನು ಅವಳು ಲಾಂಡ್ರಿಯಲ್ಲಿದ್ದಾಗ ನೋಡಿದ್ದಳು, ಯಾರದೋ ಅಂಗಿಯ ಗುಂಡಿ ಕಾಣೆಯಾದಾಗ.

“ಪರಿಮಳಕ್ಕ, ಇಲ್ಲಿ ಹಚ್ಚಿ ಮುಗಿದ ಖಾಲಿ ಲೋಟಗಳನ್ನ ನೀವು ಮನೆಗೆ ಒಯ್ಯೋದುಂಟಲ್ಲ?”

“ಒಯ್ತೀನಿ. ನಿಮ್ಮಪ್ಪನೇ ಒಯ್ಯೋಕೆ ಹೇಳಿದ್ದು. ಚಮಚ, ಸೂಜಿ-ದಾರ ಇಟ್ಕೊಂಡಿದ್ದೀನಿ.”

“ಎಷ್ಟು ಲೋಟ ಚಮಚ ಇದಾವೆ ನಿಮ್ಮನೇಲಿ?” ಎಂದರು ಅವರು. “ನೋಡಿ, ಬೇರೆ ಕಡೆ ಆಗಿದೆ ಹೀಗೆ. ಖಾಲಿ ಲೋಟಕ್ಕೆ ಯಾವುದೋ ಮೇಣ ಹುಯ್ದು ಡಬ್ಬದೊಳಗೆ ಇಡೋದು, ಒಳ್ಳೇದನ್ನ ಹೊರಗೆ ಮಾರೋದು. ನಾನು ನೀವೇ ಮಾಡಿದ್ರಿ ಅಂತಿಲ್ಲ.”

ಅಂತಿಲ್ಲ ಎಂದರೆ ಅಂದ ಹಾಗೆಯೇ. ಬಾಯಿ ಮುಚ್ಚಿಕೊಂಡರೆ ಕಳ್ಳಿ. ಬಾಯಿ ಬಿಟ್ಟರೆ ಮೂಗಿಲ್ಲದವಳು. ಇವನು ಶಾಲೆಯ ಚಡ್ಡಿ ಹಾಕಿಕೊಂಡು ಇದೇ ಗಲ್ಲಾದ ಕೆಳಗೆ ಗೋಲಿ ಆಡುತ್ತಿದ್ದಾಗ ಮೂಗು ಒರೆಸಿದ ಕೈ ಇದು.

“ಸರ್, ಮೇಣ ಸರಿಯಾಗೇ ಇದೆ. ಮುಚ್ಚಳ ಅದಲು ಬದಲಾಗಿದೆ” ಎಂದಳು.

“ನೀವಿದ್ದು ಅದು ಹೇಗೆ ಆಗತ್ತೆ? ಮೂಸಿದ್ರೆ ಗೊತ್ತಾಗಲ್ವಾ ನಿಮಗೆ?”

“ಗೊತ್ತಾಗಲ್ಲ.” ಅವಳ ದನಿ ಏರಿತು. “ನನಗೆ ವಾಸನೆ ಬರಲ್ಲ. ಎಂಟು ತಿಂಗಳಾಯ್ತು. ಗುಲಾಬಿನೂ ಒಂದೇ, ಗಟಾರನೂ ಒಂದೇ. ನಿನ್ನೆ ಡಾಕ್ಟ್ರು ಮುಚ್ಚಳ ಮೂಗಿಗೆ ಹಿಡಿದಾಗ ಸುಳ್ಳು ಹೇಳಿದೆ. ಅದು ನನ್ನ ತಪ್ಪು. ಏನು ಬೈತೀರೋ ಬೈರಿ. ಆದ್ರೆ ಕಳ್ಳಿ ಅಂದ್ರೆ ಮಾತ್ರ ಈ ಹನ್ನೆರಡು ಮುಚ್ಚಳದಲ್ಲಿ ಒಂದೂ ಉಳಿಯಲ್ಲ, ಹೇಳಿದ್ದೀನಿ.”

ಸಣ್ಣ ಯಜಮಾನರು ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟರು. ಡಾಕ್ಟರು ಕನ್ನಡಕ ತೆಗೆದು ಅವಳ ಮೂಗನ್ನೇ ನೋಡಿದರು, ಹುಳುಕು ಹಲ್ಲು ನೋಡುವ ಹಾಗೆ.

“ಹಾಗಾದ್ರೆ ಇವು ಯಾವುದು ಯಾವುದರದ್ದು ಅಂತ ಈಗ ಹೇಗೆ ಗೊತ್ತು ಮಾಡ್ತೀರಿ?” ಎಂದರು.

“ನೀವು ಕೂತ್ಕೊಳ್ಳಿ. ನಿಮ್ಮ ಮೂಗು, ನನ್ನ ತಲೆ.”

ಹನ್ನೆರಡು ಮುಚ್ಚಳವನ್ನೂ ಅವಳು ಮೇಜಿಗೆ ಇಳಿಸಿದಳು. ಕೋಪ ಇನ್ನೂ ಕೈಯಲ್ಲೇ ಇತ್ತು, ಗಾಜು ಮೇಜಿಗೆ ತಾಗಿ ಠಣ್ ಎನ್ನುತ್ತಿತ್ತು. ಮೊದಲನೆಯದನ್ನು ಡಾಕ್ಟರಿಗೆ ಹಿಡಿದಳು. ಒಂದು ರಾತ್ರಿ ಬೇರೆ ಮೇಣದ ಮೇಲೆ ಕೂತಿದ್ದರಿಂದ ಗಾಜಿನಲ್ಲಿ ಎರಡೆರಡು ವಾಸನೆ ಕಲೆಯತೊಡಗಿದ್ದವು.

“ಹೂವು ಅನ್ಸುತ್ತೆ” ಎಂದರು ಡಾಕ್ಟರು.

“ಹೂವು ನಾಲ್ಕಿವೆ. ಮೂಗಿನ ತುದೀಲಿ ನಿಲ್ಲುತ್ತೋ, ಗಂಟಲಿಗೆ ಇಳಿಯುತ್ತೋ?”

“ಇಳಿಯುತ್ತೆ. ಸ್ವಲ್ಪ ಕಾಳುಮೆಣಸಿನ ಹಾಗೆ ಚುರುಕು.”

“ಗುಲಾಬಿ. ಎರಡನೇ ಜಾಗ. ಇದು?”

“ಸುಟ್ಟ ಕಟ್ಟಿಗೆ.”

“ಹೊಗೆ ಹಸಿಯೋ, ಒಣವೋ? ಕಣ್ಣಿಗೆ ನೀರು ಬರೋ ಹಾಗಾ, ಒಲೆ ಆರಿದ ಮೇಲಿನ ಹಾಗಾ?”

“ಆರಿದ ಮೇಲಿನ ಹಾಗೆ.”

“ಹಾಗಾದ್ರೆ ಸೌದೆ ಅಲ್ಲ, ದೇವದಾರು. ಏಳನೇದು.”

ಹೀಗೆ ಹನ್ನೆರಡೂ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಒಂದು ಸಲ ಡಾಕ್ಟರು ಒಗೆದ ಬಟ್ಟೆಯ ವಾಸನೆಯನ್ನು ಮಲ್ಲಿಗೆ ಎಂದಾಗ, “ಸರಿಯಾಗಿ ಮೂಸಿ ಡಾಕ್ಟ್ರೇ, ಹಲ್ಲು ಕೀಳೋವಾಗ್ಲೂ ಹೀಗೇ ಪಕ್ಕದ್ದು ಕೀಳ್ತೀರಾ” ಎಂದು ಗದರಿದಳು. ಡಾಕ್ಟರು ನಕ್ಕರು. ಅವಳು ನಗಲಿಲ್ಲ. ಮುಗಿದ ಮೇಲೆ ಸಣ್ಣ ಯಜಮಾನರು ಒಳಗಿನಿಂದ ಹನ್ನೆರಡು ಹೊಸ ಡಬ್ಬ ತಂದು, ಒಂದೊಂದನ್ನೇ ಬಿಚ್ಚಿ, ಮೂಸಿ ಮುಚ್ಚಳಕ್ಕೆ ಹೋಲಿಸಿ ನೋಡಿದರು. ಎಲ್ಲವೂ ತಾಳೆಯಾದವು. ಡಾಕ್ಟರ ಅಂಜೂರದೆಲೆ, ಒಣಹುಲ್ಲು ಎರಡನ್ನೂ ತಾವೇ ಕಟ್ಟಿಕೊಟ್ಟರು.

ಆಮೇಲೆ ಪರಿಮಳಕ್ಕನ ಹತ್ತಿರ ಬಂದು ದನಿ ತಗ್ಗಿಸಿದರು. “ನನ್ನ ಮಾತು ಮನಸಿಗೆ ಹಚ್ಕೋಬೇಡಿ. ನೀವು ಎಲ್ಲೂ ಹೋಗೋದು ಬೇಡ. ಎಂಟು ತಿಂಗಳಿಂದ ನಮಗೇ ಗೊತ್ತಾಗಿಲ್ಲ ಅಂದ್ಮೇಲೆ ಬಂದವರಿಗೆ ಹೇಗೆ ಗೊತ್ತಾಗತ್ತೆ? ಇದು ಇಲ್ಲೇ ಇರ್ಲಿ. ಇಷ್ಟು ದಿನ ನಡೆಸಿದ ಹಾಗೇ ನಡೆಸ್ಕೊಂಡು ಹೋಗಿ.”

ಅವಳು ಬಯಸಿದ್ದು ಇದೇ ಅಲ್ಲವೇ? ಕೆಲಸ ಉಳಿದಿತ್ತು. ಆದರೂ ಆ ಎಂಟು ತಿಂಗಳ ಕೋಪವೆಲ್ಲ ಒಟ್ಟಿಗೇ ಬಂತು. ಇಷ್ಟು ದಿನ ಹೆದರಿ ಹೇಳಿದ ಸುಳ್ಳನ್ನು ಇನ್ನು ಮೇಲೆ ಇವರ ಅಪ್ಪಣೆಯಿಂದ ಹೇಳಬೇಕು. ಗಾಜನ್ನು ಮೂಗಿಗೆ ಹಿಡಿದು, ಕಣ್ಣು ಅರೆ ಮುಚ್ಚಿ, ಆಹಾ ಎನ್ನಬೇಕು.

“ಆಗಲ್ಲ ಸರ್” ಎಂದಳು. “ಇನ್ನು ಬಂದವರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ.”

“ಹೇಳಿದ್ರೆ ಯಾರು ಕೊಳ್ತಾರೆ? ಹಾಗೆ ಹೇಳೋದಿದ್ರೆ ನಾಳೆಯಿಂದ ಬರಬೇಡಿ.”

ಆಗಲೇ ಬಾಗಿಲು ತಳ್ಳಿಕೊಂಡು ಒಬ್ಬ ನಡುವಯಸ್ಸಿನವನು ಬಂದ. ಮದುವೆಯಾದ ತಂಗಿ ಹೊಸ ಬಾಡಿಗೆ ಮನೆ ಹಿಡಿದಿದ್ದಾಳೆ, ಏನಾದರೂ ಒಳ್ಳೆಯ ವಾಸನೆಯದು ಕೊಡಬೇಕು ಎಂದ. “ನನಗೆ ಇದರಲ್ಲೆಲ್ಲ ತಿಳಿಯಲ್ಲಮ್ಮ. ನೀವೇ ಮೂಸಿ ಒಂದು ಆರಿಸಿಕೊಡಿ.”

“ನಾನು ಮೂಸಿ ಕೊಡೋಕಾಗಲ್ಲ” ಎಂದಳು ಪರಿಮಳಕ್ಕ. “ನನಗೆ ವಾಸನೆ ಬರಲ್ಲ.”

ಅವನು ಅವಳನ್ನೂ, ಅವಳ ಹಿಂದಿನ ಸಾಲು ಗಾಜುಗಳನ್ನೂ ನೋಡಿದ. “ಮತ್ತೆ ಇಲ್ಲಿ ಯಾಕಮ್ಮ ನಿಂತಿದ್ದೀರಿ?”

ಸಣ್ಣ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಚೀಲ ಹಿಡಿದು ಹೊರಟಿದ್ದ ಡಾಕ್ಟರು ಅವರ ಕಡೆ ತಿರುಗಿ, “ಬಾಯಿ ತೆಗೆಯೋದಿದ್ರೆ ನನ್ನ ಕ್ಲಿನಿಕ್ಕಿಗೆ ಬನ್ನಿ” ಎಂದರು.

“ಹತ್ತೊಂಬತ್ತು ವರ್ಷದಿಂದ ನಿಂತಿದ್ದೀನಿ” ಎಂದಳು ಪರಿಮಳಕ್ಕ. ಮುಖದ ಮೇಲೆ ಕೋಪ ಹಾಗೆಯೇ ಇತ್ತು. “ಮೂಸೋದು ನೀವು, ಕೇಳೋದು ನಾನು. ಮೊದಲು ಹೇಳಿ, ತಂಗಿ ಮನೇಲಿ ಕೋಣೆ ಎಷ್ಟು, ಕಿಟಕಿ ಎಷ್ಟು?”

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ತಂಗಿಯ ಮನೆಯನ್ನು ಮನಸ್ಸಿನಲ್ಲೇ ಸುತ್ತಿ ಬಂದವನಂತೆ, “ಒಂದೇ ಕೋಣೆ” ಎಂದ. “ಕಿಟಕಿ ಇದೆ, ಆದ್ರೆ ತೆಗೆಯೋಕಾಗಲ್ಲ. ಎದುರಿಗೆ ಗೋಡೆ.”

“ಹಾಗಾದ್ರೆ ಗಾಢವಾದದ್ದು ಬೇಡ” ಎಂದು ಅವಳು ಮೊದಲ ಮುಚ್ಚಳ ಎತ್ತಿ ಅವನ ಮೂಗಿಗೆ ಹಿಡಿದಳು.