ಅನಘಾಳ ಕೆಂಪು ಪಾಸ್‌ಪೋರ್ಟು

ಆಗ ನನಗೆ ಎಪ್ಪತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಸ್ವೀಡನ್‌ನ ಈ ಊರಿನವರು ಬನ್ನಿಗೂ ಏಲಕ್ಕಿ ಹಾಕುತ್ತಾರೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಮಗಳ ಮಗಳು ಅನಘಾ ಇಲ್ಲಿ ಸೊಲ್ಲೆಂಟುನಾದಲ್ಲಿ, ನಾನಿರುವ ಮಗನ ಮನೆಯ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದು ಕಣ್ಣಿಗೆ ಬರುತ್ತದೆ.

ಅವಳು ಹುಟ್ಟಿದ್ದು ಇದೇ ದೇಶದ ವೆಸ್ಟೆರಾಸಿನಲ್ಲಿ. ಅಪ್ಪ ಅಮ್ಮ ಇಲ್ಲಿಯ ಪ್ರಜೆಗಳಾದಾಗ ಮಗುವಿಗೂ ಕೆಂಪು ಪಾಸ್‌ಪೋರ್ಟು ಸಿಕ್ಕಿತು. ಆಮೇಲೆ ಅಮೆರಿಕಕ್ಕೆ ಹೋದರು, ಅಲ್ಲಿ ನೀಲಿಯದೂ ಸಿಕ್ಕಿತು. ನನ್ನ ಹತ್ತಿರ ಇರುವುದು ಒಂದೇ, ಅದರಲ್ಲೂ ನನ್ನ ಸಹಿ ಕೋಳಿ ಕೆದಕಿದ ಹಾಗಿದೆ.

ಚಳಿಗಾಲದ ರಜಕ್ಕೆ ಬಂದ ಹುಡುಗಿಗೆ ಇಲ್ಲಿಯ ಲುಂಡ್ ಯೂನಿವರ್ಸಿಟಿಯಲ್ಲಿ ಓದುವ ಆಸೆ. ಪಾಠವೆಲ್ಲ ಇಂಗ್ಲಿಷಿನಲ್ಲೇ. ಕೆಂಪು ತೋರಿಸಿದರೆ ಫೀಸಿಲ್ಲ, ನೀಲಿ ತೋರಿಸಿದರೆ ಅವಳಪ್ಪನ ಕೈಲಾಗದಷ್ಟು ಫೀಸು. ಆದರೆ ಕೆಂಪು ತೋರಿಸಲು ಇವಳು ಒಲ್ಲೆ ಅಂತಾಳೆ. ನನ್ನ ಮಗ ಹೇಳಿ ಹೇಳಿ ಸಾಕಾಗಿ, ಕಟ್ಟಡದವರೆಲ್ಲರ ವಾಷಿಂಗ್ ಮಷೀನಿನಲ್ಲಿ ಇವತ್ತು ನಮ್ಮ ಸರದಿ ಎಂದು ಕೆಳಗಿಳಿದು ಹೋದ.

“ಅಜ್ಜಿ, ನಂಗೆ ಸ್ವೀಡಿಷ್ ಒಂದಕ್ಷರ ಬರಲ್ಲ. ಸ್ವೀಡನ್‌ನವಳು ಅಂತ ಹೇಳ್ಕೊಂಡ್ರೆ ಚೀಟಿಂಗ್ ಅಲ್ವಾ?”

“ನಿನ್ನ ಹೆತ್ತಿದ್ದು ಎಲ್ಲೇ?”

“ಇಲ್ಲೇ.”

“ಮತ್ತೆ? ತವರಿಗೆ ಬಂದ ಮಗಳಿಗೆ ಬಾಗಿಲಲ್ಲೇ ಪರೀಕ್ಷೆ ಮಾಡ್ತಾರಾ?”

ಅವಳು ನಗಲಿಲ್ಲ. ಅಮೆರಿಕದ ಕಾಲೇಜುಗಳಿಗೆ ‘ನಾನು ಯಾರು’ ಅಂತ ಪುಟಗಟ್ಟಲೆ ಬರೆದು ಕಳಿಸಬೇಕಂತೆ. ಅದಕ್ಕೆಂದು ನನ್ನ ಕಷ್ಟಗಳನ್ನೂ ಕೇಳಿದ್ದಳು. ಸೊಂಟನೋವು ಅಂದಿದ್ದೆ. ಇಲ್ಲಿಯವರಿಗೆ ಅದೆಲ್ಲ ಬೇಡ, ಅಂಕಪಟ್ಟಿ, ಪಾಸ್‌ಪೋರ್ಟು ಇದ್ದರಾಯಿತು. ಬರೆದೂ ಬರೆದೂ ಹುಡುಗಿಗೆ ಆ ‘ನಾನು ಯಾರು’ ಅನ್ನುವುದೇ ರೋಗವಾಗಿ ಹತ್ತಿತ್ತು ಅಂತ ನನಗೆ ಅನುಮಾನ.

“ಭಾಷೆ ಏನೇ, ಜನರ ಮಧ್ಯೆ ಹೋಗಿ ಕೂತ್ರೆ ತಾನಾಗಿ ಬರುತ್ತೆ,” ಅಂದೆ.

“ನೀನು ಬಂದು ಆರು ವರ್ಷ ಆಯ್ತಲ್ಲ ಅಜ್ಜಿ. ‘ತಾಕ್’ ಬಿಟ್ರೆ ಇನ್ನೇನು ಬರುತ್ತೆ?”

ತಾಕ್ ಅಂದರೆ ಥ್ಯಾಂಕ್ಸ್. ಅದನ್ನೂ ನಾನು ಬಸ್ಸಿನವನಿಗೆ ಮಾತ್ರ ಹೇಳುತ್ತಿದ್ದೆ. ಮಾತು ಸುಳ್ಳಲ್ಲ, ಅದಕ್ಕೇ ಸಿಟ್ಟು ಬಂತು.

“ಸರಿ ಕಣೇ. ನಾನು ಕಲೀತೀನಿ. ನೀನು ಆ ಕೆಂಪದು ಹಾಕು.”

“ಪ್ರಾಮಿಸ್?”

“ಮೊದಲು ಹಾಕು.”

ಅವಳು ಬನ್ನಿನ ಸಕ್ಕರೆ ಅಂಟಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಕೆಂಪು ಪಾಸ್‌ಪೋರ್ಟಿನ ಫೋಟೋ ತೆಗೆದು ಅರ್ಜಿಗೆ ಸೇರಿಸಿದಳು.

ಸೀಟು ಸಿಕ್ಕಿತು. ಈಗ ಲುಂಡ್‌ನಲ್ಲಿ ಸೈಕಲ್ ಹೊಡೆದುಕೊಂಡಿದ್ದಾಳೆ. ಫೋನಿನಲ್ಲಿ ನನ್ನ ಸ್ವೀಡಿಷ್ ಕೇಳಿ ನಗುತ್ತಾಳೆ. ನಗಲಿ, ಬನ್ನು ಬೇಕಾದರೆ ಅಂಗಡಿಯಲ್ಲಿ ಈಗ ನಾನೇ ಕೇಳಿ ತರುತ್ತೇನೆ. ನೀವೇ ಹೇಳಿ, ಮಾತು ಕೊಟ್ಟ ಮೇಲೆ ಬಿಡಲಾಗುತ್ತದೆಯೇ? ಅವಳು ಅರ್ಜಿ ಹಾಕಿದ ಮರುದಿನ ಬೆಳಿಗ್ಗೆ, ಇನ್ನೂ ಮಲಗಿದ್ದಾಗಲೇ, ಎರಡೆರಡು ಕಾಲುಚೀಲ ಹಾಕಿಕೊಂಡು ಲೈಬ್ರರಿಗೆ ಹೋದೆ, ಸ್ವೀಡಿಷ್ ಕಲಿಯುವವರ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತೆ. ಅಲ್ಲಿದ್ದ ಹೆಂಗಸು ಏನೋ ಕೇಳಿದಳು, ಬಹುಶಃ ನನ್ನ ಹೆಸರು. ತಾಕ್ ಅಂದೆ.