ಗಾಜಿಲ್ಲದ ಒಂದು ಮಾರು ಗೋಡೆ

ಪಕ್ಕದ ಮನೆಯವರು ಕಾಂಪೌಂಡು ಎತ್ತರಿಸುತ್ತಿದ್ದಾರೆ. ಹಸಿ ಗಾರೆಯ ವಾಸನೆ ಬಂದರೆ ನನಗೆ ನೆತ್ತಿ ಭಾರವಾಗುತ್ತದೆ. ನಗಬೇಡಿ. ಹೊರೆ ಹೊತ್ತ ನೆತ್ತಿ, ಅದಕ್ಕೂ ನೆನಪಿರುತ್ತದೆ.

ಆಗ ರಾಜಾಜಿನಗರ ಇನ್ನೂ ಏಳುತ್ತಿತ್ತು. ಮೂಡಲಪಾಳ್ಯದಿಂದ ನಾನೂ ನಮ್ಮತ್ತೆಯೂ ಸೊಪ್ಪಿನ ಮಂಕರಿ ಹೊತ್ತು ಅಲ್ಲಿಗೆ ನಡೆದು ಹೋಗುತ್ತಿದ್ದೆವು, ಮನೆಮನೆಗೆ ಮಾರಲು. ಬಸ್ಸು ಕಂಡರೂ ನೀರಿಳಿಯುವ ಮಂಕರಿಯನ್ನು ಯಾರು ಹತ್ತಿಸುತ್ತಾರೆ? ದಾರಿಯಲ್ಲಿ ಹೊರೆ ಇಳಿಸುವ ಕಲ್ಲೊಂದಿತ್ತು. ಎರಡು ಕಂಬ, ಮೇಲೊಂದು ಚಪ್ಪಡಿ, ಹೆಗಲೆತ್ತರ. ತಲೆಯಿಂದ ಮಂಕರಿಯನ್ನು ಅದರ ಮೇಲೆ ಜಾರಿಸುವುದು, ಉಸಿರು ಬಿಡುವುದು, ಮತ್ತೆ ತಲೆ ಕೊಟ್ಟು ಹೊರಡುವುದು. ನೆಲಕ್ಕಿಳಿಸಿದರೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಹೊಸ ರಸ್ತೆಯನ್ನು ದಾರ ಹಿಡಿದು ನೇರ ಎಳೆದರು. ಕಲ್ಲು ಅಡ್ಡ ಬಂತು, ಕಿತ್ತರು.

ಅದೇ ವರ್ಷ ಅತ್ತೆಗೆ ಮೊಣಕಾಲು ಹಿಡಿಯಿತು. ಉಳಿದವಳು ನಾನೊಬ್ಬಳೇ, ಅದೂ ಬಸುರಿ.

"ಕಲ್ಲಿಲ್ದೆ ಒಬ್ಳೇ ಹೆಂಗ್ ಹೋಯ್ತೀಯೇ? ವ್ಯಾಪಾರ ಬಿಟ್ಬುಡು" ಎಂದಳು ಅತ್ತೆ.

ಬಿಟ್ಟರೆ ತಿನ್ನುವುದೇನು? ನನ್ನ ಗಂಡನ ದುಡಿಮೆಯ ಮಾತು ಬೇಡ, ಸತ್ತವನನ್ನು ಈಗೇಕೆ ಬೈಯಲಿ.

ಕಲ್ಲಿದ್ದ ಜಾಗದ ಹತ್ತಿರವೇ ಹೊಸ ಮನೆಯೊಂದು ಎದ್ದಿತ್ತು. ಕಾಂಪೌಂಡು ಗೋಡೆ ಸರಿಯಾಗಿ ಹೆಗಲೆತ್ತರ. ನಮ್ಮವರಿಗೆ ಹೆಗಲೆತ್ತರದ ಕಲ್ಲು ಎಂದರೆ ಊರಿನದು, ಹೊರೆ ಹೊತ್ತ ಎಲ್ಲರದು. ನಾನೂ ಹಾಗೆಯೇ ಮಂಕರಿ ಇಟ್ಟೆ. ದಿನವೂ ಇಟ್ಟೆ. ಒಂದು ಬೆಳಿಗ್ಗೆ ಆ ಮನೆಯಾಕೆ ಹೊರಗೆ ಬಂದರು.

"ಏನಮ್ಮಾ, ಯಾರ ಗೋಡೆ ಅಂದ್ಕೊಂಡಿದೀಯಾ?"

"ಗೋಡೆ ನಿಮ್ದೇ ಕಣವ್ವ. ಹೊರೆ ನಂದು."

"ಸುಣ್ಣ ಹೊಡೆಸಿ ವಾರ ಆಗಿಲ್ಲ. ನೀರೆಲ್ಲಾ ಹೇಗೆ ಇಳಿದಿದೆ ನೋಡು."

"ಸೊಪ್ಪಿನ ನೀರಲ್ವಾ, ಒಣಗ್ತದೆ ಬುಡಿ."

ಆಕೆಗೆ ನಗು ಬಂದಿತ್ತು, ತಡೆದುಕೊಂಡರು. ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು.

"ಎಷ್ಟು ತಿಂಗಳು?"

"ಆರು."

ಒಳಗೆ ಹೋಗಿಬಿಟ್ಟರು.

ಆಮೇಲೊಂದು ದಿನ ಹೋದರೆ ಗಾರೆಯವನು ಆ ಗೋಡೆಯ ಮೇಲೆ ಹಸಿ ಗಾರೆ ಮೆತ್ತಿ, ಒಡೆದ ಸೀಸೆಯ ಚೂರು ನೆಡುತ್ತಾ ಬರುತ್ತಿದ್ದ. ನಾನು ಹೊರೆ ಹೊತ್ತು ನಿಂತೇ ಇದ್ದೆ. ಕತ್ತು ನಡುಗುತ್ತಿತ್ತು. ಮುಂದೆ ಎಲ್ಲೂ ಇಳಿಸುವ ಜಾಗವಿಲ್ಲ. ನಾಳೆಯಿಂದ ಬರುವುದಿಲ್ಲ, ಮುಗಿಯಿತು ಅಂದುಕೊಂಡೆ. ಆ ಮನೆಯ ಜಗಲಿಯಲ್ಲಿ ಗಂಡ ಹೆಂಡತಿಗೆ ಮಾತು ನಡೆದಿತ್ತು.

"ಗಾಜಿಲ್ದೆ ಬಿಟ್ರೆ ಕಳ್ಳ ಹತ್ತೋಕೆ ಅಷ್ಟು ಜಾಗ ಸಾಕು ಕಣೇ."

"ಹತ್ತಲಿ ಬಿಡಿ. ಅವನು ಒಯ್ಯೋಂಥದ್ದು ನಮ್ಮನೇಲಿ ಏನಿದೆ? ಆ ಸೊಪ್ಪಿನೋಳಿಗೆ ಬುಟ್ಟಿ ಇಳಿಸೋಕೆ ಜಾಗ ಬೇಕು."

ಗಾರೆಯವನು ಇಬ್ಬರ ಮುಖವನ್ನೂ ನೋಡಿದ. ಆಮೇಲೆ ನನ್ನ ಎದುರಿಗೆ ಒಂದು ಮಾರು ಉದ್ದ ಗಾಜಿಲ್ಲದೆ ಬಿಟ್ಟು, ಕರಣೆಯಿಂದ ನುಣ್ಣಗೆ ತೀಡಿದ. ಹಸಿಯ ಮೇಲೆಯೇ ಮಂಕರಿ ಜಾರಿಸಿದೆ. ಆತ ಬೈದ, ಬೈಯಲಿ. ಹೆರಿಗೆಯ ಹಿಂದಿನ ದಿನದವರೆಗೂ ಆ ದಾರಿ ನಡೆದೆ. ಆಕೆಯ ಹೆಸರು ನಾನು ಕೇಳಲಿಲ್ಲ, ನನ್ನದನ್ನು ಆಕೆಯೂ ಕೇಳಲಿಲ್ಲ.

ಈಗ ನಮ್ಮ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ನೋಡಿ. ಕಾಲುದಾರಿಯ ಮೇಲೆ ಕಾರು, ಅದರಾಚೆ ಆಳೆತ್ತರದ ಗೋಡೆ. ದಣಿದವರು ಎಲ್ಲಿ ನಿಲ್ಲಬೇಕು? ಮೊನ್ನೆಯವರೆಗೆ ಗೊಣಗುತ್ತಾ ಕೂತಿದ್ದೆ. ನಿನ್ನೆ ಆಳು ಕರೆಸಿ ನಮ್ಮ ಗೇಟಿನ ಹೊರಗೆ ಮೊಣಕಾಲೆತ್ತರಕ್ಕೆ ಒಂದು ಚಪ್ಪಡಿ ಹಾಕಿಸಿದೆ.

"ಯಾರ್ಯಾರೋ ಬಂದು ಕೂತ್ಕೋತಾರೆ ಅಜ್ಜಿ" ಎಂದಳು ಮೊಮ್ಮಗಳು.

"ಮತ್ತೆ ಯಾಕೆ ಹಾಕ್ಸಿದೀನಿ ಅಂದ್ಕೊಂಡೆ?"