ನಿಂಬೆಹಣ್ಣಿನ ಗಂಟಿನ ಹಿಂದೆ ಸೋರುತ್ತಿದ್ದ ಗಾಳಿ

2015ರ ವಸಂತದಲ್ಲಿ ನಾನು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಸ್ವಂತ ಗ್ಯಾರೇಜ್ ನಡೆಸುತ್ತಿದ್ದೆ. ಹುಬ್ಬಳ್ಳಿಯಲ್ಲಿ ಬಸ್ಸುಗಳ ಕೆಳಗೆ ಮಲಗಿ ಕಲಿತ ವಿದ್ಯೆ ನನ್ನದು. ಆಮೇಲೆ ಡಲ್ಲಾಸ್‌ನ ಒಂದು ಟ್ರಕ್ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ದುಡಿದು, ಕೊನೆಗೆ ಏರ್ ಸಸ್ಪೆನ್ಷನ್ ರಿಪೇರಿಯೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಏರ್ ಸಸ್ಪೆನ್ಷನ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಉಕ್ಕಿನ ಸ್ಪ್ರಿಂಗ್ ಇರುವ ಕಡೆ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಒಂದು ಕಂಪ್ರೆಸರ್ ಗಾಳಿ ಒತ್ತುತ್ತದೆ, ಒಂದು ವಾಲ್ವ್ ಬ್ಲಾಕ್ ಅದನ್ನು ನಾಲ್ಕೂ ಮೂಲೆಗೆ ಹಂಚುತ್ತದೆ, ಪೆನ್ಸಿಲ್‌ಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪೈಪುಗಳು ಒಯ್ದು ಮುಟ್ಟಿಸುತ್ತವೆ. ಕಾರು ನೆಲದ ಮೇಲೆ ಓಡುತ್ತಿದ್ದರೂ ಒಳಗೆ ಕೂತವರಿಗೆ ನೀರಿನ ಮೇಲೆ ತೇಲಿದಂತಿರುತ್ತದೆ. ಎಲ್ಲೋ ಒಂದು ಕಡೆ ಸೋರಿದರೆ ಮುಗಿಯಿತು, ಬೆಳಗಾಗುವಷ್ಟರಲ್ಲಿ ಆ ಮೂಲೆ ಕುಸಿದು ಕೂತಿರುತ್ತದೆ. ಸೋರುವ ಜಾಗವನ್ನು ಕಿವಿಯಿಂದಲೇ ಹಿಡಿಯುತ್ತೇನೆ ಎಂಬ ಜಂಬ ನನಗಿತ್ತು. ಸೋಪು ನೀರು ಹೊಡೆದು ಗುಳ್ಳೆ ಏಳುವುದನ್ನು ನೋಡುವುದು ಬರೀ ಸಾಕ್ಷಿಗೆ.

ರೌಂಡ್ ರಾಕ್ ಊರಿನಿಂದ ವಸುಧಾ ಎಂಬ ಹಾರ್ಡ್‌ವೇರ್ ಎಂಜಿನಿಯರ್ ತಮ್ಮ ಕಾರು ತಂದದ್ದು ಫೆಬ್ರುವರಿಯಲ್ಲಿ. ಅವರು ಮೈಸೂರಿನವರು, ಗಂಡ ಪ್ರಕಾಶ ಧಾರವಾಡದವರು. ಹಿಂದಿನ ಬೇಸಿಗೆಯಲ್ಲಿ ಪ್ರಕಾಶರ ಬೆನ್ನುಮೂಳೆಯಲ್ಲಿ ಗಡ್ಡೆ ಕಂಡು ಆಪರೇಷನ್ ಆಗಿತ್ತು. ಮೂರು ವಾರಕ್ಕೊಮ್ಮೆ ಚಿಕಿತ್ಸೆಗೆ ಹ್ಯೂಸ್ಟನ್‌ಗೆ ಬರಬೇಕು, ಮೂರು ಗಂಟೆಯ ದಾರಿ. ಬೇರೆ ಯಾವ ಕಾರಿನ ಕುಲುಕನ್ನೂ ಅವರ ಬೆನ್ನು ತಡೆಯುತ್ತಿರಲಿಲ್ಲ. ಈ ಕಾರು ಬಟನ್ ಒತ್ತಿದರೆ ತಾನೇ ತಗ್ಗಿ ಅವರನ್ನು ಹತ್ತಿಸಿಕೊಳ್ಳುತ್ತಿತ್ತು, ಆಮೇಲೆ ಮೆಲ್ಲಗೆ ಎದ್ದು ನಿಲ್ಲುತ್ತಿತ್ತು. ಈಗ ಅದರ ಮುಂದಿನ ಎಡ ಮೂಲೆ ಕುಸಿಯತೊಡಗಿತ್ತು.

ನಾನು ಲಿಫ್ಟ್ ಮೇಲೆತ್ತಿ ನೋಡಿದೆ. ಎಡಗಡೆ ಚೀಲದ ರಬ್ಬರಿನಲ್ಲಿ ಸಣ್ಣ ಬಿರುಕುಗಳು. ಇದೇ ಕಳ್ಳ ಎಂದು ಚೀಲ ಬದಲಾಯಿಸಿದೆ. ಮಾರ್ಚ್‌ನಲ್ಲಿ ಕಾರು ಮತ್ತೆ ಬಂತು. ಹಾಗಾದರೆ ವಾಲ್ವ್ ಬ್ಲಾಕ್ ಎಂದು ಅದನ್ನೂ ಬದಲಾಯಿಸಿದೆ. ಎರಡೂ ಸಲ ಬಂಪರಿನ ಹಿಂದೆ ಕೈ ಹಾಕಿದಾಗ ಅಲ್ಲೊಂದು ಕೆಂಪು ಬಟ್ಟೆಯ ಗಂಟು ಕೈಗೆ ತಾಗಿತ್ತು. ಆಯುಧ ಪೂಜೆಯಲ್ಲಿ ಕಟ್ಟಿದ ನಿಂಬೆಹಣ್ಣು. ದೇವರದ್ದಕ್ಕೆ ಗ್ರೀಸ್ ಕೈ ತಾಗಿಸಬಾರದೆಂದು ಎರಡೂ ಸಲ ಕೈಯನ್ನು ಸುತ್ತು ಬಳಸಿ ತಂದಿದ್ದೆ. ಅತ್ತ ಸೋಪು ನೀರನ್ನೂ ಹೊಡೆದಿರಲಿಲ್ಲ.

ಏಪ್ರಿಲ್‌ನ ಒಂದು ಶನಿವಾರ ವಸುಧಾ ಫೋನ್ ಮಾಡಿದರು. ಹಿಂದಿನ ಸಲ ಹ್ಯೂಸ್ಟನ್‌ನಿಂದ ವಾಪಸಾಗುವಾಗ ಸೋರಿದ ಗಾಳಿಯನ್ನು ತುಂಬಲು ಬಿಡುವಿಲ್ಲದೆ ಓಡಿದ ಕಂಪ್ರೆಸರ್ ದಾರಿ ಮಧ್ಯೆ ಬಿಸಿಯಾಗಿ ನಿಂತು, ಕಾರು ಪೂರ್ತಿ ಕುಸಿದಿತ್ತು. ಉಳಿದ ದಾರಿಯುದ್ದಕ್ಕೂ ರಸ್ತೆಯ ಒಂದೊಂದು ಜಾಯಿಂಟಿಗೂ ಪ್ರಕಾಶ ಕೂಗಿಕೊಂಡಿದ್ದರು.

"ಸೋಮವಾರ ಮುಂದಿನ ಚಿಕಿತ್ಸೆ. ಈ ಕಾರಿನಲ್ಲಿ ಇನ್ನು ಹೋಗಲ್ಲ ಅಂತಿದಾರೆ. ಹೋಗ್ದೇ ಇದ್ರೆ ಇಷ್ಟು ದಿನದ್ದೆಲ್ಲ ವೇಸ್ಟ್ ಆಗುತ್ತೆ ಅಂತಾರೆ ಡಾಕ್ಟರ್," ಎಂದರು ವಸುಧಾ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಭಾನುವಾರ ಬೆಳಗ್ಗೆ ಟೂಲ್ ಬಾಕ್ಸ್ ಹಾಕಿಕೊಂಡು ನಾನೇ ಹೊರಟೆ. ಹೈವೇಯ ಎರಡೂ ಬದಿಗೆ ನೀಲಿ ಹೂಗಳು ಹಾಸಿಕೊಂಡಿದ್ದವು, ಅವುಗಳ ಮೇಲೆ ತೆಳ್ಳನೆ ಮಂಜು. ಕಾರು ಓಡಿಸುತ್ತಿದ್ದೇನೋ, ನಿದ್ದೆಯಲ್ಲಿದ್ದೇನೋ ತಿಳಿಯದಂಥ ಬೆಳಗು. ಆ ಮಂಜಿನಲ್ಲೂ ನನ್ನ ಕಿವಿಯಲ್ಲಿ ಒಂದು ಸಣ್ಣ 'ಸ್ಸ್' ಮಾತ್ರ ಸೋರುತ್ತಲೇ ಇತ್ತು. ಎಲ್ಲಿಂದ ಎಂದು ಗೊತ್ತಿಲ್ಲದ್ದಕ್ಕೆ ನಾಚಿಕೆಯಾಗುತ್ತಿತ್ತು.

ಮನೆ ಮುಂದೆ ಕಾರು ಎಡ ಮೊಣಕಾಲೂರಿ ಕೂತಿತ್ತು. ಎಂಜಿನ್ ಚಾಲೂ ಮಾಡಿ ಕಾರನ್ನು ಎತ್ತರಿಸಿದೆ. ಚಕ್ರದ ಮೇಲಿನ ಬಾಡಿಯ ಅಂಚಿನಿಂದ ನೆಲಕ್ಕೆ ಟೇಪ್ ಹಿಡಿದೆ, ಮೂವತ್ತೊಂದೂವರೆ ಇಂಚು. ಅರ್ಧ ಗಂಟೆಗೆ ಮೂವತ್ತೊಂದಾಯಿತು. ಕೆಳಗೆ ತೂರಿ ಸೋಪು ನೀರು ಹೊಡೆಯುತ್ತ ಹೋದೆ. ಎಲ್ಲೂ ಗುಳ್ಳೆ ಇಲ್ಲ. ಪ್ರಕಾಶರು ನೆರಳಿನಲ್ಲಿ ಒರಗು ಕುರ್ಚಿ ಹಾಕಿಸಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಬಸಣ್ಣಾರ, ಆ ಕೆಂಪು ಗಂಟಿನ ಕಡೆ ಯಾಕ ನೀರು ಹೊಡಿಲಿಲ್ರಿ?"

"ಅದು ದೇವರದ್ದರಿ."

"ಡಾಕ್ಟರ್ ನನ್ನ ಮೈಯಾಗ ಮುಟ್ಟದ ಜಾಗಾ ಒಂದೂ ಉಳಿಸಿಲ್ಲ. ಅದಕ್ಕೊಂದಕ್ಕ ಯಾಕ್ರಿ ಮಡಿ?"

ಕೈ ಒರೆಸಿಕೊಂಡು, ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದನ್ನು ಒಂದು ಬದಿಗೆ ಸರಿಸಿ ನೀರು ಹೊಡೆದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಣಗಿದ ನಿಂಬೆಹಣ್ಣಿನ ಹಿಂದಿನಿಂದ ಸಣ್ಣ ಗುಳ್ಳೆಯೊಂದು ಉಬ್ಬಿತು, ಅದರ ಬೆನ್ನಿಗೆ ಇನ್ನೊಂದು. ಬಿಸಿಲು ಬಿದ್ದು ಅವುಗಳಲ್ಲಿ ಬಣ್ಣಗಳು ತಿರುಗುತ್ತಿದ್ದವು. ಅಷ್ಟು ಚೆಂದದ ಗುಳ್ಳೆಗಳನ್ನು ನಾನು ಅಷ್ಟು ಸಂಕಟದಿಂದ ಎಂದೂ ನೋಡಿಲ್ಲ.

ಗಂಟನ್ನು ಬ್ರಾಕೆಟ್ಟಿಗೆ ತಾಮ್ರದ ತಂತಿಯಿಂದ ಕಟ್ಟಿತ್ತು. ಇಕ್ಕಳದಿಂದ ಎಡಕ್ಕೆ ಮೂರು ಸುತ್ತು ತಿರುವಿದ ತಂತಿಯ ತುದಿ ಪೈಪಿಗೆ ತಾಗಿಕೊಂಡಿತ್ತು. ಆರು ತಿಂಗಳು ಕಾರು ಅಲುಗಿದಾಗೆಲ್ಲ ಅದು ಪೈಪನ್ನು ಕೆರೆದು ಸೂಜಿಮೊನೆಯಷ್ಟು ತೂತು ಮಾಡಿತ್ತು. ಆ ತಿರುವನ್ನು ನೋಡಿದೊಡನೆ ಗುರುತು ಸಿಕ್ಕಿತು. ಪ್ರತಿ ವರ್ಷ ನನ್ನ ಗ್ಯಾರೇಜಿನಲ್ಲಿ ಆಯುಧ ಪೂಜೆ ಮಾಡಿ, ಬಂದವರ ಕಾರುಗಳಿಗೆಲ್ಲ ನಿಂಬೆಹಣ್ಣು ಕಟ್ಟುವವನು ನಾನೇ. ಹಾಗೆ ಎಡಕ್ಕೆ ಮೂರು ಸುತ್ತು ತಿರುವುವವನೂ ನಾನೊಬ್ಬನೇ. ಹಿಂದಿನ ಅಕ್ಟೋಬರ್‌ನ ಪೂಜೆಯ ಗದ್ದಲದಲ್ಲಿ ಈ ಕಾರಿಗೂ ಕಟ್ಟಿದ್ದು ನನಗೆ ಮರೆತೇಹೋಗಿತ್ತು.

ತಂತಿಯನ್ನು ಇಕ್ಕಳದಿಂದ ಬಿಚ್ಚಿ ತೆಗೆದೆ. ಪೈಪು ಹಳತಾಗಿತ್ತು ಎಂದುಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಹೊರಗೆ ತೂರಿ ಬಂದು ತಂತಿಯನ್ನು ಅಂಗೈ ಮೇಲಿಟ್ಟು ತೋರಿಸಿದೆ.

"ಇದನ್ನ ಕಟ್ಟಿದಾಂವ ನಾನರಿ. ಎರಡು ಸಲ ಕಣ್ಣ ಮುಂದಿದ್ರೂ ನೋಡದಾಂವನೂ ನಾನ."

ವಸುಧಾ ತಂತಿಯನ್ನು ಕೈಗೆತ್ತಿಕೊಂಡರು. "ಪೂಜೆ ದಿನ 'ಗಟ್ಟಿಯಾಗಿ ಕಟ್ಟಿ, ಬಿಚ್ಚಿಹೋಗಬಾರದು' ಅಂತ ನಿಮಗೆ ಹೇಳಿದ್ದು ನಾನೇ ಅಲ್ವಾ? ಇವರಿಗೆ ಏನೂ ಆಗಬಾರದು ಅಂತ ಹೇಳಿದ್ದೆ," ಎಂದವರು ಅಳತೊಡಗಿದರು.

ತೂತಾದ ಎರಡು ಇಂಚು ಪೈಪನ್ನು ಕತ್ತರಿಸಿ ತೆಗೆದು, ನಡುವೆ ಒಂದು ಜೋಡಣೆ ಕೂರಿಸಿದೆ. ಕೆಲಸ ಇಪ್ಪತ್ತು ನಿಮಿಷದ್ದು. ನಂತರ ಮೂರು ತಾಸು ಕಾದೆವು. ವಸುಧಾ ಚಿತ್ರಾನ್ನ ಬಡಿಸಿದರು. ಅರ್ಧ ಗಂಟೆಗೊಮ್ಮೆ ಎದ್ದು ಟೇಪ್ ಹಿಡಿಯುತ್ತಿದ್ದೆ. ಮೂವತ್ತೊಂದೂವರೆ ಮೂವತ್ತೊಂದೂವರೆಯಾಗಿಯೇ ಉಳಿಯಿತು.

ಪ್ರಕಾಶರ ಮುಖದಲ್ಲಿ ಹೆದರಿಕೆ ಇನ್ನೂ ಇತ್ತು. ಇವತ್ತೇ ಹೊರಡೋಣ, ಹ್ಯೂಸ್ಟನ್‌ವರೆಗೆ ನಾನೇ ಓಡಿಸುತ್ತೇನೆ, ನೀವು ನನ್ನ ಗಾಡಿ ತನ್ನಿ ಎಂದು ವಸುಧಾಗೆ ಕೀಲಿ ಕೊಟ್ಟೆ. ಕಾರು ತಗ್ಗಿತು, ಅವರನ್ನು ಕೂರಿಸಿಕೊಂಡಿತು, ಮೆಲ್ಲಗೆ ಎದ್ದಿತು. ಮೊದಲ ಸೇತುವೆಯ ಜಾಯಿಂಟ್ ಬಂದಾಗ ಅವರು ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದರು. ಏನೂ ಆಗಲಿಲ್ಲ. ಎರಡನೆಯದಕ್ಕೆ ಹಿಡಿತ ಸಡಿಲಾಯಿತು. ನೀಲಿ ಹೂಗಳು ಮತ್ತೆ ಶುರುವಾಗುವ ಹೊತ್ತಿಗೆ ಅವರು ನಿದ್ದೆ ಹೋಗಿದ್ದರು. ಅವರ ಉಸಿರಿನ ಸದ್ದು ಬಿಟ್ಟರೆ ಕಾರಿನಲ್ಲಿ ಇನ್ನಾವ ಗಾಳಿಯ ಸದ್ದೂ ಇರಲಿಲ್ಲ. ಹ್ಯೂಸ್ಟನ್ ತಲುಪಿದಾಗ ಎಬ್ಬಿಸಲು ಮನಸ್ಸಾಗದೆ, ಅವರು ರಾತ್ರಿ ತಂಗುವ ಹೋಟೆಲಿನ ಪಾರ್ಕಿಂಗ್‌ನಲ್ಲಿ ಕಾದು ಕೂತಿದ್ದೆ. ಮರುದಿನದ ಚಿಕಿತ್ಸೆ ತಪ್ಪಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಮ್ಮ ಕೈ ಎಲ್ಲಿ ಹೋಗಲು ಹಿಂಜರಿಯುತ್ತದೋ, ಸೋಪು ನೀರು ಮೊದಲು ಅಲ್ಲಿಗೆ ಬೀಳಬೇಕು. ನಾನು ಈಗಲೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ವರ್ಷದ ಆಯುಧ ಪೂಜೆಗೆ ಇನ್ನು ತಂತಿ ಬೇಡ ಎಂದು ನಿರ್ಧರಿಸಿದ್ದೆ. ಆದರೆ ಗಡಿಬಿಡಿಯಲ್ಲಿ ದಾರ ತರುವುದನ್ನೇ ಮರೆತಿದ್ದೆ. ಅಷ್ಟರಲ್ಲಿ ಗ್ಯಾರೇಜಿನ ಮುಂದೆ ಪರಿಚಿತ ಕಾರೊಂದು ತಗ್ಗಿ ನಿಂತಿತು. ಪ್ರಕಾಶರು ಕೋಲೂರಿ, ಯಾರ ಕೈಯನ್ನೂ ಹಿಡಿಯದೆ ಇಳಿದು ಬಂದರು. ಜೇಬಿನಿಂದ ಹತ್ತಿಯ ದಾರದ ಉಂಡೆ ತೆಗೆದು ನನ್ನ ಕೈಗಿಟ್ಟು ಹೇಳಿದರು:

"ಇವತ್ತ ಎಲ್ಲಾ ಗಾಡಿಗೂ ಇದ್ರಾಗ ಕಟ್ರಿ, ಬಸಣ್ಣಾರ. ಸಡ್ಲಾಗಿ ಕಟ್ರಿ."